ನಮ್ಮ ಬಾಗಿಲಿನ ಬಣ್ಣ ಯಾವುದಿತ್ತು?

ನವೆಂಬರ್ ಮೂವತ್ತು, ಭಾನುವಾರ, ಬೆಳಿಗ್ಗೆ ಎಂಟೂವರೆಗೆ ಇದನ್ನು ಬರೆಯಲು ಕೂತಿದ್ದೇನೆ. ತಾರೀಖು, ಹೊತ್ತು ನಮೂದಿಸದೆ ನಾನು ಏನನ್ನೂ ಬರೆಯುವವಳಲ್ಲ. ಕೋಪ ಬಂದಾಗಲಂತೂ ತಪ್ಪದೆ ನಮೂದಿಸುತ್ತೇನೆ. ಯಾವ ಕೋಪ ಎಷ್ಟು ದಿನ ಬಾಳಿತು ಎಂಬ ಲೆಕ್ಕ ಆಮೇಲೆ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯವಾಗಿ ನನ್ನ ಕೋಪದ ಆಯಸ್ಸು ಮೂರು ದಿನ. ಈ ಸಲದ್ದು ಎರಡು ವಾರದ ಹತ್ತಿರ ಬಂದರೂ ಹಲ್ಲು ಕಡಿಯುತ್ತ ಕೂತಿದೆ.

ಎಲ್ಲಕ್ಕೂ ಮೂಲ ಒಬ್ಬ ಹೆಂಗಸು. ಮೊಬೈಲಿನಲ್ಲಿ ಕ್ರೋಶಾ ಹೆಣಿಗೆ ಕಲಿಸುತ್ತಾಳೆ. ಹೆಣಿಗೆ ಚೆನ್ನಾಗಿಯೇ ಕಲಿಸುತ್ತಾಳೆ, ನಡುನಡುವೆ ಉಪದೇಶ ಮಾಡುವುದೇ ತೊಂದರೆ. "ಬಣ್ಣಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ. ನಿಮ್ಮ ದಿನನಿತ್ಯದ ಬದುಕನ್ನೇ ಕಣ್ಣು ಬಿಟ್ಟು ನೋಡಿ" ಎಂದಳು. ಹಾಗೆನ್ನುವಾಗ ಅವಳ ಹಿಂದೆ ಬಿಳಿ ಕಿಟಕಿ, ಕಿಟಕಿಯಲ್ಲಿ ನಿಂಬೆಹಣ್ಣಿನ ಬುಟ್ಟಿ, ಬುಟ್ಟಿಯ ಪಕ್ಕ ಕೇಸರಿ ಬೆಕ್ಕು. ಬೆಕ್ಕು ಕೂಡ ಬಣ್ಣ ಹೊಂದಿಸಿಕೊಂಡು ಕೂತಿತ್ತು. ನಾನು ಕಣ್ಣು ಬಿಟ್ಟು ದೆಹಲಿಯ ಮುನಿರ್ಕಾದ ನಮ್ಮ ಕೋಣೆಯ ಕಿಟಕಿಯಿಂದ ನೋಡಿದೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಎದುರು ಕಟ್ಟಡದ ಗೋಡೆ, ಹಗ್ಗದ ಮೇಲೆ ಯಾರದೋ ಬನಿಯನ್ನು, ಅದರಾಚೆ ಪಾತ್ರೆ ತೊಳೆದ ನೀರಿನಂಥ ನವೆಂಬರಿನ ಆಕಾಶ. ಇಂಥ ಬದುಕಿನಿಂದ ಯಾರು ಏನು ಹೆಣೆಯಬೇಕು? ನೆಲ ಒರೆಸುವ ಬಟ್ಟೆ ಹೆಣೆಯಬಹುದು.

ಆದರೂ ಅವಳ ಮಾತು ತಲೆಯಲ್ಲಿ ಉಳಿಯಿತು. ಕಾರಣ ರುಕ್ಸಾನಾ. ರುಕ್ಸಾನಾ ಹರಿಹರದವಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾನು ತಿಪಟೂರಿನವಳು, ಓಖ್ಲಾದ ಒಂದು ಸಿದ್ಧ ಉಡುಪಿನ ಕಂಪನಿಯಲ್ಲಿ ನೌಕರಿ. ನಾಲ್ಕನೇ ಮಹಡಿಯ ಒಂದೂವರೆ ಕೋಣೆಯಲ್ಲಿ ಐದು ವರ್ಷ ಜೊತೆಗಿದ್ದೆವು. ಅವಳ ಪ್ರಬಂಧ ಮುಗಿಯಿತು, ಊರ ಹತ್ತಿರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ತಿಂಗಳ ಕೊನೆಗೆ ಹೊರಡುವುದು ನಿಶ್ಚಯವಾಯಿತು. ಮುನಿರ್ಕಾ ಬಿಟ್ಟವರು ಮುನಿರ್ಕಾವನ್ನು ಎಷ್ಟು ಬೇಗ ಮರೆಯುತ್ತಾರೆಂದು ನನಗೆ ಗೊತ್ತು. ಹಾಗೆ ಮರೆಯಲು ಬಿಡಬಾರದೆಂದು ಅವಳಿಗೊಂದು ಶಾಲು ಹೆಣೆಯಲು ಕೂತೆ. ನಾವಿಬ್ಬರೂ ದಿನವೂ ಕಂಡ ನಾಲ್ಕು ಬಣ್ಣಗಳ ಪಟ್ಟಿಗಳು, ಅದೂ ಅವಳಿಗೆ ಗೊತ್ತಾಗದ ಹಾಗೆ.

ಮೊದಲನೆಯದು ಗಲ್ಲಿಯ ತಿರುವಿನ ಚಹಾ. ಲೋಟದ ಪಕ್ಕ ಉಲ್ಲನ್ ದಾರ ಹಿಡಿದು ಹೋಲಿಸುತ್ತಿದ್ದಾಗ ಚಹಾದ ಭಯ್ಯಾ, "ಮೇಡಂ, ಇವತ್ತು ಸ್ವೆಟರ್‌ಗೂ ಒಂದು ಅರ್ಧ ಚಾಯ್ ಕೊಡ್ಲಾ? ಶುಂಠಿ ಹಾಕಿ?" ಎಂದು ಅಲ್ಲಿದ್ದವರನ್ನೆಲ್ಲ ನಗಿಸಿದ. ಎರಡನೆಯದು ನಾವು ಬಂದ ದಿನ ಕೊಂಡ ಗುಲಾಬಿ ಬಕೆಟ್ಟು. ಮೂರನೆಯದು ಆ ದರಿದ್ರ ಆಕಾಶ, ಬಿಡುವ ಹಾಗಿರಲಿಲ್ಲ. ನಾಲ್ಕನೆಯದು ನಮ್ಮ ಮನೆಯ ಬಾಗಿಲು. ಒಳಗಡೆ ಅದು ಬರೀ ಪ್ಲೈವುಡ್ಡು, ಹೊರಗಡೆ ಹಸಿರು. ಎಂಥ ಹಸಿರು ಎಂದರೆ, ಎಳೆ ಬಾಳೆಲೆಯನ್ನು ಒಂದು ವಾರ ಮರೆತು ಇಟ್ಟ ಹಾಗೆ.

ಆ ಹಸಿರು ಸಿಗಲಿಲ್ಲ. ಉಲ್ಲನ್ ಅಂಗಡಿಯವನಿಗೆ ಜಗತ್ತಿನ ಹಸಿರೆಲ್ಲವೂ 'ಸೀ ಗ್ರೀನ್'. ದೆಹಲಿಯಲ್ಲಿ ಹುಟ್ಟಿ ಬೆಳೆದು ಸಮುದ್ರವನ್ನೇ ಕಾಣದವನು ನನಗೆ ಸಮುದ್ರದ ಬಣ್ಣ ಹೇಳುತ್ತಾನೆ! ಚೂರು ಚೂರು ದಾರ ತಂದು, ಆಫೀಸಿಗೆ ಹೊರಡುವ ಮುನ್ನ, ದಿನವೂ ಸರಿಯಾಗಿ ಏಳೂ ನಲವತ್ತಕ್ಕೆ, ಬಾಗಿಲಿಗೆ ಹಿಡಿದು ನೋಡುತ್ತಿದ್ದೆ. ಹೊತ್ತು ಬದಲಾದರೆ ಬಣ್ಣ ಬದಲಾಗುತ್ತದೆ, ಆದ್ದರಿಂದ ಒಂದೇ ಹೊತ್ತು. ರುಕ್ಸಾನಾ ಹತ್ತು ಗಂಟೆಯ ತನಕ ಏಳುವವಳಲ್ಲ, ಆದ್ದರಿಂದ ಗುಟ್ಟೂ ಉಳಿಯುತ್ತಿತ್ತು.

ಮನೆಯ ಒಡತಿ ಆಂಟೀಜಿ ಇರುವುದು ನೆಲಮಹಡಿಯಲ್ಲಿ. ಮಂಡಿನೋವಿನವರು, ಆದರೂ ಬೆಳಿಗ್ಗೆ ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಮೇಲೆ ಬರುತ್ತಾರೆ.

"ಬಾಗಿಲಿಗೆ ಏನಾಯ್ತು ಬೇಟಾ?"

"ಏನಿಲ್ಲ ಆಂಟೀಜೀ, ಬಣ್ಣ ನೋಡ್ತಿದ್ದೀನಿ."

ಮತ್ತೆರಡು ದಿನ ಬಿಟ್ಟು, "ಇವತ್ತೂ ನೋಡ್ತಿದ್ದೀಯಾ?"

"ಹೌದು ಆಂಟೀಜೀ. ಇನ್ನೂ ಸರಿಯಾಗ್ತಿಲ್ಲ."

ಸುಣ್ಣಬಣ್ಣ ಕಾಣದೆ ವರ್ಷಗಳಾದ ಮನೆಯ ಒಡತಿಗೆ ಬಾಡಿಗೆದಾರಳು ಈ ಮಾತು ಹೇಳಿದರೆ ಏನರ್ಥವಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ನವೆಂಬರ್ ಹದಿನೆಂಟರ ಸಂಜೆ, ಎರಡು ಹಸಿರುಗಳಲ್ಲಿ ಯಾವುದೆಂದು ಮಾರನೆಯ ಬೆಳಿಗ್ಗೆ ತೀರ್ಮಾನಿಸೋಣ ಎಂದುಕೊಂಡು ಮೆಟ್ಟಿಲು ಹತ್ತಿದರೆ, ಎರಡನೇ ಮಹಡಿಗೇ ಪೇಂಟಿನ ವಾಸನೆ. ಗೋಡೆ, ಕಂಬಿ, ಬಾಗಿಲು, ಕರೆಗಂಟೆಯ ಗುಂಡಿ, ಎಲ್ಲವೂ ಐವರಿ, ಅಂದರೆ ದಂತದ ಬಿಳುಪು. ಗುಂಡಿಯ ಪಕ್ಕದಲ್ಲಿದ್ದ ಒಂದು ಹಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿರಬೇಕು.

ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಕೆಳಗಿಳಿದು ಹೋದೆ.

"ಆಂಟೀಜೀ, ಯಾರು ಹೇಳಿದ್ದು ನಿಮಗೆ ಪೇಂಟ್ ಮಾಡಿಸೋಕೆ?"

"ಯಾರಾ? ನೀನೇ! ಎರಡು ವಾರ ದಾರ ಹಿಡಿದು ನನ್ನ ಬಾಗಿಲಿನ ಮಾನ ತೆಗೆದೆ. ಪಕ್ಕದ ಮನೆಯವಳು ಕೇಳ್ತಾಳೆ, ನಿಮ್ಮಲ್ಲಿ ಯಾವ ಇಲಾಖೆಯ ತಪಾಸಣೆ ನಡೀತಿದೆ ಅಂತ."

"ನಾನು ಶಾಲಿಗೋಸ್ಕರ ನೋಡ್ತಿದ್ದೆ!"

"ಬಾಗಿಲಿಗೆ ಶಾಲಾ?" ಆಂಟೀಜಿ ಹಣೆ ಬಡಿದುಕೊಂಡರು. "ಹೇ ರಾಮ್! ಬೇರೆಯವರು ಪೇಂಟ್ ಮಾಡಿಸಿ ಅಂತ ಅಳ್ತಾರೆ, ಇವಳು ಮಾಡಿಸಿದ್ದಕ್ಕೆ ಅಳ್ತಾಳೆ."

ನಾನು ಅಳುತ್ತಿರಲಿಲ್ಲ, ಪೇಂಟಿನ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮೇಲೆ ಬಂದು ಉಗುರಿನಿಂದ ಕೆರೆದು ನೋಡಿದೆ. ಪೇಂಟರ್ ನಿಷ್ಠಾವಂತ, ಹಳೆಯದನ್ನೆಲ್ಲ ಮರದ ತನಕ ಉಜ್ಜಿ ತೆಗೆದಿದ್ದ. ಈ ಊರಿನಲ್ಲಿ ಯಾರೂ ಯಾವ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲವೆಂದು ಐದು ವರ್ಷ ಬೈದಿದ್ದೆ. ಪೂರ್ತಿ ಮಾಡುವ ಒಬ್ಬ ಸಿಕ್ಕಿದ್ದು ಇಲ್ಲಿ.

ಮರುದಿನ ಏಳೂ ನಲವತ್ತಕ್ಕೆ ಬಾಗಿಲು ತೆಗೆದು ಹೊರಗೆ ಬಂದು ತಿರುಗಿ ನೋಡಿದರೆ, ಬಾಗಿಲು ಹಸಿರು! ಅದೇ ಬಾಡಿದ ಬಾಳೆಲೆ. ನಾನು ಕೆರೆದ ಕಡೆ ಮಾತ್ರ ಉಜ್ಜಿ, ಉಳಿದ ಕಡೆ ಒಂದೇ ಕೋಟು ಹೊಡೆದು ಹೋಗಿದ್ದಾನೆ, ಹಳೆಯದು ಇಣುಕುತ್ತಿದೆ ಎಂದುಕೊಂಡೆ. ಖುಷಿಗೂ ಕೋಪಕ್ಕೂ ನಡುವೆ ನಿಂತು, "ಆಂಟೀಜೀ, ಬನ್ನಿ, ನಿಮ್ಮ ಪೇಂಟರ್ ಮೋಸ ಮಾಡಿದ್ದಾನೆ!" ಎಂದು ಕೂಗಿದೆ. ಆಂಟೀಜಿ ಒಂದೊಂದು ಮಹಡಿಗೂ ಕೂತು ಸುಧಾರಿಸಿಕೊಂಡು ಮೇಲೆ ಬರುವಷ್ಟರಲ್ಲಿ ಬಾಗಿಲು ಮತ್ತೆ ಐವರಿಯಾಗಿತ್ತು.

"ಎಲ್ಲಿದೆ ಮೋಸ?"

"ಈಗ ತಾನೇ ಹಸಿರಿತ್ತು ಆಂಟೀಜೀ."

ಅವರು ಬಾಗಿಲನ್ನು ನೋಡಲಿಲ್ಲ, ನನ್ನ ಹಣೆ ಮುಟ್ಟಿ ನೋಡಿದರು. "ಆಫೀಸಿಗೆ ರಜೆ ಹಾಕು ಬೇಟಾ."

ಅವರು ಇಳಿದು ಹೋದ ಮೇಲೆ ತಲೆಯೆತ್ತಿ ನೋಡಿದೆ. ನಮ್ಮ ತೆರೆದ ಮೆಟ್ಟಿಲಿನ ಎದುರಿಗಿರುವ ಕಟ್ಟಡದವರು ತಮ್ಮ ಬಾಲ್ಕನಿಗೆ ಹಸಿರು ಫೈಬರ್ ಶೀಟು ಕಟ್ಟಿಸಿದ್ದಾರೆ. ಬೆಳಗಿನ ಬಿಸಿಲು ಎರಡು ಕಟ್ಟಡಗಳ ಸಂದಿಯಿಂದ ನುಗ್ಗಿ, ಆ ಶೀಟನ್ನು ದಾಟಿ, ಕಾಲು ಗಂಟೆಯ ಹೊತ್ತು ನಮ್ಮ ಬಾಗಿಲ ಮೇಲೆ ಬಂದು ಕೂರುತ್ತದೆ. ಆ ಕಾಲು ಗಂಟೆಯಲ್ಲೇ ನಾನು ಪ್ರತಿದಿನವೂ ದಾರ ಹಿಡಿದದ್ದು. ನನ್ನ ಡೈರಿಯಲ್ಲಿ ಬರೆದ ಒಂದೊಂದು ದಿನದ ಬಣ್ಣವೂ ಇನ್ನೊಂದು ದಿನದ್ದಕ್ಕೆ ಹೊಂದುತ್ತದೆ, ಬಾಗಿಲಿನ ನಿಜವಾದ ಬಣ್ಣಕ್ಕೆ ಮಾತ್ರ ಹೊಂದುವುದಿಲ್ಲ. ಹೇಳಲು ನಾಚಿಕೆ, ಓಖ್ಲಾದಲ್ಲಿ ನನ್ನ ಕೆಲಸವೇ ಬಟ್ಟೆಯ ಬಣ್ಣ ಮಾದರಿಗೆ ಹೊಂದುತ್ತದೆಯೇ ಎಂದು ನೋಡುವುದು. ಅದಕ್ಕೆಂದೇ ಬೇರೆ ಬೇರೆ ದೀಪಗಳಿರುವ ಒಂದು ಪೆಟ್ಟಿಗೆಯಿದೆ. ಬಟ್ಟೆ ಕಳಿಸುವವರಿಗೆ ದಿನವೂ "ಯಾವ ಬೆಳಕಿನಲ್ಲಿ ನೋಡಿದಿರಿ ಸ್ವಾಮಿ?" ಎಂದು ಖಾರವಾಗಿ ಮೇಲ್ ಹಾಕುವವಳು ನಾನು. ಸಂಜೆ ಮನೆಗೆ ಬಂದಾಗ ಬಾಗಿಲನ್ನು ನೋಡಿರಲಿಲ್ಲವೇ ಎಂದು ಕೇಳುತ್ತೀರಿ. ಸಂಜೆ ನಾನು ನೋಡುತ್ತಿದ್ದುದು ಬೀಗದ ತೂತನ್ನು ಮಾತ್ರ.

ಬೇರೆ ದಾರಿಯಿಲ್ಲದೆ ಹಸಿರು ಪಟ್ಟಿಯನ್ನೇ ಹೆಣೆದು ಮುಗಿಸಿದೆ. ಇಪ್ಪತ್ತೇಳರ ಸಂಜೆ ರುಕ್ಸಾನಾಳ ಕೈಗೆ ಕೊಟ್ಟೆ. ಅವಳು ಬಿಚ್ಚಿ ಹೊದ್ದು, ಒಂದೊಂದೇ ಪಟ್ಟಿ ಸವರಿದಳು. "ಇದು ಭಯ್ಯಾನ ಚಹಾ. ಅಯ್ಯೋ, ಇದು ನಮ್ಮ ಬಕೆಟ್ ಕಣೇ! ಇದು ಈ ದರಿದ್ರ ಆಕಾಶ." ಆಮೇಲೆ ಅವಳ ಬೆರಳು ನಿಂತಿತು. "ಚೈತ್ರಾ, ಈ ಹಸಿರು ಯಾವುದೇ?"

"ನಮ್ಮ ಬಾಗಿಲು."

"ನಮ್ಮ ಬಾಗಿಲು ನೀಲಿ ಇತ್ತಲ್ಲೇ."

"ನೀಲಿಯಂತೆ! ನೀನು ಯಾವತ್ತು ಬೆಳಕಿನಲ್ಲಿ ಆ ಬಾಗಿಲು ನೋಡಿದ್ದೀಯ?"

"ನೀನು ಯಾವತ್ತು ದೀಪ ಹಾಕಿ ನೋಡಿದ್ದೀಯ? ಲೈಬ್ರರಿಯಿಂದ ಬಂದು, ನೀನು ಗೊರಕೆ ಹೊಡೀತಾ ಇರುವಾಗ ಆ ಟ್ಯೂಬ್‌ಲೈಟ್ ಕೆಳಗೆ ನಿಂತು ಬಾಗಿಲು ಬಡಿದವಳು ನಾನು. ಐದು ವರ್ಷ! ನೀಲಿ ಅಂದ್ರೆ ನೀಲಿ."

ಕೊನೆಯ ಸಂಜೆ ಹೊರಗೆ ಊಟಕ್ಕೆ ಹೋಗಬೇಕೆಂದಿದ್ದೆವು, ಹೋಗಲಿಲ್ಲ. ಜಗಳವಾಡಿದೆವು. ನ್ಯಾಯಕ್ಕೆ ಆಂಟೀಜಿಯನ್ನು ಕರೆದರೆ ಅವರು, "ಬೂದು. ಡಬ್ಬ ತಂದವಳು ನಾನು, ನನಗೆ ಗೊತ್ತಿಲ್ವಾ?" ಎಂದರು. ಬಾಗಿಲು ಕಾಣುವ ಫೋಟೊ ಇರುವುದು ಒಂದೇ. ಅದಕ್ಕೆ ರುಕ್ಸಾನಾ ಫಿಲ್ಟರ್ ಹಾಕಿದ್ದರಿಂದ ನಮ್ಮಿಬ್ಬರ ಮುಖವೂ ಬಾಗಿಲೂ ಒಂದೇ ಪೀಚ್ ಬಣ್ಣ. ಮಾರನೆಯ ದಿನ ಅವಳು ಅದೇ ಶಾಲು ಹೊದ್ದು ರೈಲು ಹತ್ತಿದಳು. ಒಂದೇ ಬಾಗಿಲಿನಿಂದ ಐದು ವರ್ಷ ಓಡಾಡಿದ ಇಬ್ಬರು, ಒಮ್ಮೆಯಾದರೂ ಅದರ ಮುಂದೆ ಒಟ್ಟಿಗೆ ನಿಂತು ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕೆಂದು ಹುಡುಕುತ್ತಿದ್ದೇನೆ. ಆಂಟೀಜಿ, ಪೇಂಟರ್, ಅಂಗಡಿಯವನು, ಬೆಕ್ಕು ಸಾಕಿದ ಆ ಹೆಂಗಸು, ಎಲ್ಲರನ್ನೂ ಬೈದಾಯಿತು. ಉಳಿದಿರುವವಳು ಇದನ್ನು ಬರೆಯುತ್ತಿರುವವಳೊಬ್ಬಳೇ, ಅವಳನ್ನು ಬೈಯಲು ಮನಸ್ಸು ಬರುತ್ತಿಲ್ಲ.

ಈಗ ತಾನೇ ಹರಿಹರದಿಂದ ಅವಳ ಸಂದೇಶ ಬಂತು: "ಶಾಲಿನಲ್ಲಿ ಅಮ್ಮಿಗೆ ಹಸಿರು ಪಟ್ಟಿಯೇ ಎಲ್ಲಕ್ಕಿಂತ ಇಷ್ಟವಾಯ್ತು. ಏನಿದು ಅಂತ ಕೇಳಿದ್ರು. ಚೈತ್ರಾಳ ಬಾಗಿಲು ಅಂತ ಹೇಳಿದೆ."

ಚೈತ್ರಾಳ ಬಾಗಿಲಂತೆ! ನಮಗಿಂತ ಮೊದಲು ಮುನಿರ್ಕಾದ ಆ ನಾಲ್ಕನೇ ಮಹಡಿಯಲ್ಲಿ ಇದ್ದವರು, ಅಲ್ಲಿಗೆ ಪಾರ್ಸೆಲ್ ತಂದವರು, ಸಕ್ಕರೆ ಕೇಳಲು ಬಂದವರು ಯಾರಾದರೂ ಇದನ್ನು ಓದಿದರೆ, ಬಾಗಿಲಿನ ಬಣ್ಣ ಯಾವುದಿತ್ತೆಂದು ದಯವಿಟ್ಟು ಬರೆದು ತಿಳಿಸಿ. ಹಸಿರೆಂದು ನೆನಪಿರುವವರು ಮೊದಲು ಬರೆಯಿರಿ. ಉಳಿದವರು ಯಾವ ಹೊತ್ತಿನಲ್ಲಿ ನೋಡಿದಿರಿ ಎಂಬುದನ್ನೂ ಕಾಣಿಸಬೇಕು.