ಒಬ್ಬಗ ಎರಡ ನಾಯಿ

ಮಂದಿ ನಾಯಿ ಹಿಡಕೊಂಡು ಅಡ್ಡಾಡಸೂದು ನನ್ನ ಉದ್ಯೋಗ. ಬಾಗಲಕೋಟಿ ನವನಗರದಾಗ ಮುಂಜಾನೆ ಆರು ನಾಯಿ, ಸಂಜೀಕ ಅವೇ ಆರು. ಇಂಥಾ ಉದ್ಯೋಗ ಹಿಡದಾಂವ ಫಜೀತಿ ಹುಡುಕಿಕೊಂಡು ಹೋಗೂದು ಬೇಕಿಲ್ಲ, ಅದ ಹಗ್ಗ ಜಗ್ಗಿಕೊಂಡು ಬರ್ತೈತಿ. ಮೊನ್ನೆ ನಗರಸಭಾದಾಗ, ಒಬ್ಬ ಮನಷ್ಯಾ ಎರಡಕ್ಕಿಂತ ಹೆಚ್ಚ ನಾಯಿ ಹಿಡಕೊಂಡು ಹೋಗಬಾರದು ಅಂತ ನಿಯಮಾ ತರೂ ಮಾತು ಎದ್ದಿತು. ಎರಡ ನಾಯಿಲೆ ನನ್ನ ಮನಿ ಒಲಿ ಹತ್ತೂದಿಲ್ಲ. ಆ ಚಿಂತ್ಯಾಗ ಹಿಂದಿನವೂ ನೆನಪಾದವು.

ಅಪ್ಪನ ಮಾತು

ನಮ್ಮದು ಗುಡೂರು, ಬೀರಪ್ಪನ ಒಕ್ಕಲು. ಅಪ್ಪ ಜೀವನಪೂರ್ತಿ ಕುರಿ ಕಾದಾಂವ. ನನ್ನ ಉದ್ಯೋಗ ಕೇಳಿ ಒಂದೊಂದ ಪ್ರಶ್ನಿ ಹಾಕಾಕ ಹತ್ತಿದಾ.

"ಹಾಲ ಕೊಡ್ತಾವೇನು?"

"ಇಲ್ಲಪಾ."

"ಕಂಬಳಿಗೆ ಉಣ್ಣಿ?"

"ಇಲ್ಲ."

"ಮತ್ಯಾಕ ಮೇಸಾಕ ಒಯ್ತಿ?"

"ಮೇಸಾಕಲ್ಲ, ಮನ್ಯಾಗ ತಿಂದದ್ದು ಕರಗಸಾಕ."

"ನಾವು ಕುರಿ ಹೊಟ್ಟಿ ತುಂಬಿಸಿ ಬದುಕಿದಿವಿ, ನೀ ನಾಯಿ ಹೊಟ್ಟಿ ಖಾಲಿ ಮಾಡಿಸಿ ಬದುಕು" ಅಂದಾ. ಆದ್ರೂ ಹೆತ್ತ ಕರಳು, ಹೊಂಡುಮುಂದ ಕರದು ಹೇಳಿದಾ: "ಜಗ್ಗಬ್ಯಾಡ, ಒದರಬ್ಯಾಡ. ಸಣ್ಣ ದನಿಲೆ ಒಮ್ಮೆ ಹೇಳು. ಕೇಳಿದ್ರ ತಿನ್ನಾಕ ಕೊಡು."

ಕೆಂಪ ಗುರುತು

ನನ್ನ ಆರರಾಗ ಎರಡು ಬಿಳಿ ನಾಯಿ, ಒಂದ ತಾಯಿ ಮರಿಗೋಳು. ಒಂದು ಡಾಕ್ಟರ್ ಮನೀದು, ಇನ್ನೊಂದು ಬಾಜೂ ಮನಿ ಮಾಸ್ತರ್ದು. ಒಂದಿನ ಅದಲಬದಲ ಬಿಟ್ಟ ಬಂದೆ, ಸಂಜೀಮಟ ಯಾರಿಗೂ ಗೊತ್ತಾಗಲಿಲ್ಲ. ಮರುದಿನ, ನಾವು ಕುರಿಗೆ ಮಾಡೂ ಹಂಗ, ಡಾಕ್ಟರ್ ನಾಯಿ ಬೆನ್ನಿಗೆ ಕೆಂಪ ಬಣ್ಣದ ಗುರುತ ಹಾಕಿದೆ.

ಅದನ್ನ ಡಾಕ್ಟರ್ ಮನಿ ಬಾಯಾರು ನೋಡಿ ರಕ್ತ ಅಂತ ಅಳಾಕ ಹತ್ತಿದ್ರು. ಡಾಕ್ಟರ್ ದವಾಖಾನಿ ಬಿಟ್ಟು ಓಡಿ ಬಂದು, ಬೆನ್ನಿನ ಕೂದಲಾ ಬೋಳಿಸಿ, ಅರ್ಧಾ ತಾಸು ಗಾಯಾ ಹುಡಕಿದ್ರು. ನಾ ಹೆದರಕೋತ ಖರೆ ಹೇಳಿದೆ. ಅವರು ಬೋಳ ಬೆನ್ನು ನೋಡಿ, "ಇರ್ಲಿ ಬಿಡು, ಇನ್ನ ಮೂರು ತಿಂಗಳು ಗುರುತಿನ ಚಿಂತಿ ಇಲ್ಲ" ಅಂದ್ರು.

ಸಭಾ

ಏನರ ಹೇಳೂದಿದ್ರ ಬಂದು ಹೇಳು ಅಂತ ನಗರಸಭಾದಿಂದ ಕರಿ ಬಂತು. ಕಣ್ಣಲೇ ನೋಡ್ಲಿ ಅಂತ ಆರೂ ನಾಯಿ ಹಿಡಕೊಂಡ ಹೋದೆ. ದೊಡ್ಡವರ ಮನಿ ನಾಯಿ ನೋಡ್ರಿ, ನಾ ಅವಕ್ಕೂ ಬರ್ರಿ, ಹೋಗ್ರಿ ಅಂತನ ಅಂತೇನಿ. ಬಾಗಲದಾಗ ಸಣ್ಣ ದನಿಲೆ "ಹೂಂ, ಕುಂಡ್ರ್ರಿ" ಅಂದೆ. ಆರೂ ಕುಂತವು. ಒಂದೊಂದ ಬಿಸ್ಕೀಟ ಕೊಟ್ಟೆ.

ಒಳಗ ಹೋದ್ರ ಸದಸ್ಯರೆಲ್ಲಾ ಎದ್ದ ನಿಂತಿದ್ರು. ಎರಡ ನಾಯಿ ಅಂತ ಒಬ್ರು, ಮೂರು ಅಂತ ಒಬ್ರು, ಯಾರೂ ಬಿಡವಲ್ಲರು. ಈ ನಿಯಮಾ ತಂದಿದ್ದ ಧೋತರದ ಹಿರಿಯ ಸದಸ್ಯರು ನನ್ನ ಬಾಜೂಕ ನಿಂತು ಎಲ್ಲಾರಕಿಂತ ಜೋರ. ಹೊಟ್ಟಿಪಾಡು ಹೋಗೂದೈತಿ, ನನಗ ಮಾತಾಡಾಕ ಸಂದ ಸಿಗವಲ್ದು. ಏನ ಮಾಡ್ಲಿ, ರೂಢಿ ಬಾಯಿಗೆ ಬಂತು.

"ಹೂಂ, ಕುಂಡ್ರ್ರಿ."

ಸಭಾಕ್ಕ ಸಭಾನ ಕುಂತತು.

ಅಷ್ಟರಾಗ ರೂಢಿ ಕೈಗೂ ಬಂದಿತ್ತು, ಹಿರಿಯರ ಕೈಯಾಗ ಒಂದು ಬಿಸ್ಕೀಟ ಇಟ್ಟಬಿಟ್ಟಿದ್ದೆ. ಅವರು ಬಿಸ್ಕೀಟ ನೋಡಿದ್ರು, ಬಾಗಲದಾಗ ಕುಂತ ಆರು ನಾಯಿ ನೋಡಿದ್ರು.

"ನಾ ನನ್ನ ಮಾತು ಹಿಂದಕ್ಕ ತಗೋತೇನಿ. ಈಂವ ಎಷ್ಟರ ನಾಯಿ ಒಯ್ಲಿ" ಅಂದ್ರು. ಯಾರೂ ಬ್ಯಾಡ ಅನ್ನಲಿಲ್ಲ.

ಚಾ ಬಂತು. ಹಿರಿಯರು ಬಿಸ್ಕೀಟ ಅದ್ದಿ ತಿಂದು, ನನ್ನ ಕಡೆ ಬಗ್ಗಿ ಸಣ್ಣಗೆ ಕೇಳಿದ್ರು: "ಇನ್ನೊಂದ ಬೇಕಂದ್ರ ಮತ್ತ ಎದ್ದು ಕುಂಡ್ರಬೇಕೇನೋ?"