ಆಸ್ಟ್ರೇಲಿಯಾದಲ್ಲಿ ನಾನು ಕುದುರಿಸಿದ ಕೂಲಿ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಸಂತೆಯಲ್ಲಿ ಬೇಕಾದರೂ ಕೇಳಿ ನೋಡಿ, ಕುರಿಯ ಬೆಲೆಯನ್ನು ನನ್ನಷ್ಟು ಕೆಳಗಿಳಿಸುವವನು ಇನ್ನೊಬ್ಬನಿಲ್ಲ. ಇದು ನನ್ನ ಮಾತಲ್ಲ. ನನಗೆ ಕುರಿ ಮಾರಿದವರ ಮಾತು. ಅದನ್ನು ಅವರು ಬೈಯುತ್ತಾ ಹೇಳುತ್ತಾರೆ ಎಂಬುದು ಬೇರೆ ವಿಷಯ. ಎರಡು ಮರಿಗಳಿಂದ ವ್ಯಾಪಾರ ಶುರು ಮಾಡಿ ಕಾನಹೊಸಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಸಿದವನು ನಾನು. ಹೀಗಾಗಿ ಜನ ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವ ಹಕ್ಕು ನನಗಿದೆ.

ನಮ್ಮಣ್ಣನ ಮಗಳು ರೇಖಾ ಡಿಗ್ರಿ ಮುಗಿಸಿದವಳೇ, "ನೌಕರಿ ಸೇರೋಕಿಂತ ಮೊದಲು ಒಂದು ವರ್ಷ ಗ್ಯಾಪ್ ತಗೋತೀನಿ. ಆಸ್ಟ್ರೇಲಿಯಾ ತಿರುಗತೀನಿ, ಅಲ್ಲೇ ದುಡಿದು ಖರ್ಚಿಗೆ ಮಾಡ್ಕೋತೀನಿ" ಎಂದಾಗ ಮನೆಯವರೆಲ್ಲ ಗಾಬರಿಯಾದರು. ನಾನು ಆಗಲಿಲ್ಲ. ಅವಳಿಗೆ ತಿರುಗಾಡುತ್ತಾ ದುಡಿಯುವ ವೀಸಾ ಬಂದಿತ್ತು. ಅಲ್ಲಿನ ಒಂದು ಕುರಿ ಫಾರಂನವನು, "ಎದುರಿಗೆ ಬಾ, ನೋಡಿ ಪಕ್ಕಾ ಮಾಡ್ತೀನಿ" ಎಂದೂ ಹೇಳಿದ್ದ.

ನಮ್ಮಣ್ಣ ಷರತ್ತು ಹಾಕಿದ. "ನಿಮ್ಮ ಕಾಕಾನ್ನ ಜೊತಿಗೆ ಕರ್ಕೊಂಡು ಹೋಗು. ಅಂವ ಅಲ್ಲಿರೋದ್ರೊಳಗ ಕೆಲಸ ಪಕ್ಕಾ ಆತು, ಸರಿ. ಆಗಲಿಲ್ಲ, ಅವನ ಹಿಂದೇ ವಾಪಸ್ ಬರಬೇಕು."

"ಕುರಿ ಫಾರಂ ಅಂದ್ರ ಚಿಂತಿ ಬಿಡ್ರಿ," ಎಂದೆ ನಾನು. "ಕೂಲಿ ಕುದುರಿಸೋ ಜವಾಬ್ದಾರಿ ನಂದು."

ನನ್ನ ಹೆಂಡತಿ ನೀಲಮ್ಮ ಅಡುಗೆಮನೆಯಿಂದಲೇ ಕೇಳಿದಳು, "ನಿಮಗ ಇಂಗ್ಲಿಷ್ ಎಲ್ಲಿ ಬರತೈತ್ರಿ?"

"ವ್ಯಾಪಾರಕ್ಕ ಭಾಷಿ ಯಾಕ ಬೇಕಲೇ? ಕೈ ಐತಲ್ಲ!"

"ಆ ಕೈ ಇಲ್ಲೇ ಬಿಟ್ಟು ಹೋಗ್ರಿ. ಕಾಲೇಜು ಸೇರಿದಾಗಿಂದ ಆ ಹುಡುಗಿ ಇದೇ ಕನಸು ಕಂಡೈತಿ. ಕೆಡಿಸಿ ಬಂದ್ರ ಈ ಮನಿ ಹೊಸ್ತಿಲು ದಾಟಬ್ಯಾಡ್ರಿ."

ಕೈ ಎಂದರೆ ಏನೆಂದು ಸಂತೆ ಕಾಣದವರಿಗೆ ಹೇಳಬೇಕು. ನಮ್ಮ ಕುರಿಸಂತೆಯಲ್ಲಿ ದೊಡ್ಡ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಕೊಳ್ಳುವವನು, ಮಾರುವವನು ಕೈ ಕೈ ಹಿಡಿದು ಮೇಲೊಂದು ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಟವೆಲ್ ಅಲುಗಾಡುವುದು ಬಿಟ್ಟರೆ ಬೇರೇನೂ ಕಾಣದು. ಆ ವಿದ್ಯೆಯಲ್ಲಿ ನಾನು ಪಂಡಿತ. ಹೊಸ ಟವೆಲನ್ನೇ ಕೊಂಡುಕೊಂಡು ವಿಮಾನ ಹತ್ತಿದೆ!

ಫಾರಂ ಮಾಲೀಕ ಪೀಟರ್ ನಮ್ಮೂರಿನ ಮನೆಗಳ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರದಷ್ಟು ಎತ್ತರದ ಆಸಾಮಿ. ಅವನ ಒಂದೊಂದು ಬೂಟಿನಲ್ಲಿ ಒಂದೊಂದು ಮರಿಯನ್ನು ಮಲಗಿಸಬಹುದು. ಅವನ ಹತ್ತಿರ ಹೋಗುವ ಮೊದಲು ರೇಖಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಕಾಕಾ, ಕೈ ಮುಗೀತೀನಿ, ನೀವು ಬಾಯಿ ತೆಗಿಬ್ಯಾಡ್ರಿ."

"ತೆಗಿಯಂಗಿಲ್ಲ ಬಿಡವ್ವ."

ಕೊಟ್ಟ ಮಾತಿನಂತೆಯೇ ನಡೆದುಕೊಂಡೆ. ಪೀಟರ್ ನಗುತ್ತಾ ಕೈ ಚಾಚಿದ. ಹಿಡಿದೆ. ಹಿಡಿದವನು ಬಿಡಲಿಲ್ಲ. ಇನ್ನೊಂದು ಕೈಯಿಂದ ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಗಳ ಮೇಲೆ ಹೊದಿಸಿದೆ! ಒಳಗೆ ಅವನ ನಾಲ್ಕು ಬೆರಳು ಒತ್ತಿದೆ. ಗಂಟೆಗೆ ನಲವತ್ತು ಡಾಲರ್ ಎಂದು ಅರ್ಥ.

ಪೀಟರ್ ಟವೆಲ್ ನೋಡಿದ. ನನ್ನ ಮುಖ ನೋಡಿದ. ನಾನು ಗಂಭೀರವಾಗಿ ಇನ್ನೊಮ್ಮೆ ಒತ್ತಿದೆ. ಅವನು ಮೆಲ್ಲಗೆ ತಲೆಯ ಮೇಲಿನ ಹ್ಯಾಟ್ ತೆಗೆದ. ಕಣ್ಣು ಮುಚ್ಚಿದ. ತಲೆ ತಗ್ಗಿಸಿದ. ಆಸಾಮಿ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡು ಮೂರನೆಯ ಸಲ ಬಲವಾಗಿಯೇ ಒತ್ತಿದೆ.

"ಆಮೆನ್," ಎಂದ ಪೀಟರ್.

ನಮ್ಮ ಕಡೆಯ ಪ್ರಾರ್ಥನೆ ಎಂದು ತಿಳಿದಿದ್ದನಂತೆ!

ರೇಖಾಳ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವಳೇ ಅವಸರದಲ್ಲಿ ಮಾತನ್ನು ಕೂಲಿಯ ಕಡೆಗೆ ತಂದಳು. ಪೀಟರ್ ಗಂಟೆಗೆ ಮೂವತ್ತು ಡಾಲರ್ ಎಂದ. ಇಂಗ್ಲಿಷ್ ಬರದಿದ್ದರೂ ಮೂವತ್ತು ನನಗೆ ಅರ್ಥವಾಯಿತು. ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ನಾಲಿಗೆ ಹೊಣೆ. ಎದುರಿಗಿದ್ದವನು ಬೆಲೆ ಹೇಳಿದ ಕೂಡಲೇ ಅರ್ಧಕ್ಕೆ ಇಳಿಸುವುದು ಜೀವಮಾನವೆಲ್ಲಾ ಅದು ಮಾಡಿಕೊಂಡು ಬಂದ ಕೆಲಸ.

"ನೋ ನೋ! ಟೂ ಮಚ್!" ಎಂದು ಕೈಯಾಡಿಸಿದೆ. "ಫಿಫ್ಟೀನ್!"

"ಕಾಕಾ!" ರೇಖಾ ಚೀರಿದಳು. "ನಾವು ಕುರಿ ತಗೊಳ್ಳಾಕ ಬಂದಿಲ್ರೀ! ಅದು ನನ್ನ ಕೂಲಿ!"

ಅಷ್ಟು ಕಡಿಮೆ ಕೊಟ್ಟರೆ ತನಗೆ ದಂಡ ಬೀಳುತ್ತದೆ, ಕಾನೂನು ಒಪ್ಪುವುದಿಲ್ಲ ಎಂದು ಪೀಟರ್ ಗಾಬರಿಯಿಂದ ವಿವರಿಸಿದನಂತೆ. ಸ್ವಂತ ಚಿಕ್ಕಪ್ಪನ ಕೈಯಿಂದ ನಮ್ಮ ಹುಡುಗಿಯನ್ನು ಆಸ್ಟ್ರೇಲಿಯಾದ ಕಾನೂನು ಕಾಪಾಡಬೇಕಾಯಿತು!

ಕೆಟ್ಟದ್ದನ್ನು ಸರಿ ಮಾಡಬೇಕಲ್ಲ? ನನ್ನ ಹತ್ತಿರ ಇನ್ನೊಂದು ಅಸ್ತ್ರವಿತ್ತು. ಸಂತೆಯಲ್ಲಿ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಬೆನ್ನು ತಿರುಗಿಸಿದರೆ ಸಾಕು, "ಏ ಮಾವಾ, ಬಾರೋ ಇಲ್ಲಿ, ಸಿಟ್ಟು ಯಾಕ" ಎಂದು ಕೂಗಿ ಕರೆದು ರೇಟು ಸಡಿಲಿಸುತ್ತಾರೆ. ನಾನೂ ಟವೆಲ್ ಝಾಡಿಸಿದೆ. ಬೆನ್ನು ತಿರುಗಿಸಿ ಹೊರಟೆ. ಕೂಗು ಬರಲಿಲ್ಲ. ಹೆಜ್ಜೆ ಸಣ್ಣದು ಮಾಡಿದೆ. ಆಗಲೂ ಬರಲಿಲ್ಲ. ತಿರುಗಿ ನೋಡಿದರೆ ಪೀಟರ್ ಖುಷಿಯಿಂದ ಟಾಟಾ ಮಾಡುತ್ತಿದ್ದ!

ವಾಪಸ್ ಬರಲು ಮಾನ ಬಿಡಲಿಲ್ಲ. ನಡೆಯುತ್ತಾ ನಡೆಯುತ್ತಾ ಕುರಿದೊಡ್ಡಿಯ ಹತ್ತಿರ ಬಂದೆ. ನಡುವೆ ಕಬ್ಬಿಣದ ಬೇಲಿ, ಎರಡೂ ಕಡೆ ಕುರಿ. ಆಚೆ ಕಡೆ ಒಂದು ಟಗರು ನಿಂತಿತ್ತು ನೋಡಿ, ಎಂಥ ಟಗರು! ಕುರಿಯ ವಯಸ್ಸು ತಿಳಿಯುವುದು ಹಲ್ಲಿನಿಂದ, ಬೆಲೆ ಕಟ್ಟುವುದು ಆಮೇಲೆ. ಇದರ ಹಲ್ಲು ನೋಡದೆ ಊರಿಗೆ ಹೋದರೆ ನಾನೆಂಥ ವ್ಯಾಪಾರಿ? ನಡುವಿನ ಗೇಟು ತೆಗೆದು ಒಳಗೆ ಹೋದೆ. ಟಗರಿನ ಬಾಯಿ ಅಗಲಿಸಿ ಹಲ್ಲು ಎಣಿಸುತ್ತಿರುವಾಗ ಹಿಂದೆ ಏನೋ ಸದ್ದಾಯಿತು. ಗೇಟು ಹಾಕುವುದನ್ನು ಮರೆತಿದ್ದೆ.

ಒಂದು ಕಡೆ ಇದ್ದವು ಮಾರಲು ಆರಿಸಿದ ಕುರಿಗಳು, ಇನ್ನೊಂದು ಕಡೆ ಇದ್ದವು ಸಾಕಲು ಉಳಿಸಿಕೊಂಡವು. ಅವನ್ನು ಬೇರೆ ಮಾಡಲು ಪೀಟರನಿಗೆ ಬೆಳಿಗ್ಗೆಯಿಂದ ಹಿಡಿದಿತ್ತಂತೆ. ಕೂಡಿಸಲು ನನಗೆ ಅಷ್ಟು ಹೊತ್ತು ಬೇಕಾಗಲಿಲ್ಲ! ನಮ್ಮ ಕಡೆಯ ಕುರಿಗಳನ್ನು ನಿಲ್ಲಿಸುವಂತೆ "ಟ್ರ್ರ್ರ್ ಹೋ ಹೋ" ಎಂದು ಗಂಟಲು ಹರಿಯುವಂತೆ ಕೂಗಿದೆ. ಬಳ್ಳಾರಿ ಕಡೆಯ ಕೂಗನ್ನು ಎಂದೂ ಕೇಳದ ಆ ಕುರಿಗಳು ದಿಕ್ಕೆಟ್ಟು ಓಡಿ, ಉಳಿದಿದ್ದ ನಾಲ್ಕಾರೂ ಕಲೆತುಹೋದವು.

ಓಡಿ ಬಂದ ಪೀಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೇಖಾ ನನ್ನ ಮುಖವನ್ನೇ ನೋಡದೆ, "ಅಲ್ಲಿ ಕುಂದರ್ರಿ ಕಾಕಾ. ಏನೂ ಮುಟ್ಟಬ್ಯಾಡ್ರಿ," ಎಂದು ಬೇಲಿ ಹಾರಿ ಕುರಿಗಳ ನಡುವೆ ಇಳಿದಳು. ಪೀಟರ್ ತನ್ನ ನಾಯಿಗೆ ಏನೋ ಹೇಳಿದ. ಕುರಿ ತರುಬಲು ಕಳಿಸುತ್ತಾನೆ ಎಂದುಕೊಂಡೆ. ಅದು ನೆಟ್ಟಗೆ ಬಂದು ನನ್ನ ಎದುರಿಗೆ ಕೂತಿತು.

ಅದೇ ಹೊತ್ತಿಗೆ ನೀಲಮ್ಮನ ವಿಡಿಯೋ ಕಾಲ್ ಬಂತು.

"ಕೆಲಸದ ಮಾತು ಎಲ್ಲಿಗೆ ಬಂತ್ರಿ?"

"ನಡದೈತಿ, ನಡದೈತಿ." ಮುಖ ಮರೆಸಲು ಹೋಗಿ ಫೋನನ್ನು ಆಚೆ ತಿರುಗಿಸಿದೆ.

"ನಿಮ್ಮ ಮುಂದ ಯಾರದು ಕುಂತಿರೋದು?"

"ನಾಯಿ."

"ಯಾಕ ಕುಂತೈತಿ?"

"ನನ್ನ ಕಾಯಾಕ."

ನೀಲಮ್ಮ ನಾಯಿಯನ್ನು ಇನ್ನೊಮ್ಮೆ ನೋಡಿದಳು. "ಕೆಡಿಸಿದ್ರಿ, ಹೌದಿಲ್ಲೋ?" ಎಂದಳು. ನಾನು ನೆಟ್‌ವರ್ಕ್ ಇಲ್ಲ ಎಂದೆ.

ರೇಖಾ ಮಾತ್ರ ರಜೆಯಲ್ಲೆಲ್ಲ ಅಪ್ಪನ ಕುರಿಹಿಂಡಿನ ಜೊತೆ ಬೆಳೆದವಳು. ಹಿಂಗಾಲು ಹಿಡಿದು ಎಳೆಯುವುದೇನು, ಮೊಣಕಾಲಿನಿಂದ ಒತ್ತಿ ಕಿವಿಯ ಗುರುತು ನೋಡುವುದೇನು, ಈ ಕಡೆಗೊಂದು ಆ ಕಡೆಗೊಂದು ತಳ್ಳುವುದೇನು! ಮೊದಲು ತಾನೂ ಜೊತೆಗೆ ಹಿಡಿಯುತ್ತಿದ್ದ ಪೀಟರ್ ಆಮೇಲೆ ಗೇಟು ತೆಗೆದು ಹಾಕುವ ಕೆಲಸಕ್ಕೆ ನಿಂತ. ನಾನು ಕಾಲು ಚಾಚಿದಾಗಲೆಲ್ಲ ನಾಯಿ ಎದ್ದು ನಿಲ್ಲುತ್ತಿತ್ತು. ಮಡಚಿಕೊಂಡರೆ ಕೂರುತ್ತಿತ್ತು.

ಹೊತ್ತು ಮುಳುಗುವಾಗ ರೇಖಾ ಮೈಯೆಲ್ಲ ಧೂಳಾಗಿ ಬಂದಳು. ಪೀಟರನ ಜೊತೆ ಏನೋ ಮಾತಾಡಿ, ಅವನ ಕೈ ಕುಲುಕಿದಳು. ಟವೆಲ್ ಇಲ್ಲದೆ!

"ಕೆಲಸ ಸಿಕ್ತು ಕಾಕಾ."

"ಎಷ್ಟಕ್ಕ ಮುಗಿಸಿದಿ?"

"ಮೂವತ್ತಕ್ಕ. ಇರಾಕ ರೂಮಿಗೆ ಬಾಡಿಗಿ ಕೇಳ್ತಿದ್ದ, ಅದನ್ನ ಬಿಡಿಸಿದೆ."

ನನ್ನ ಎದೆ ಉಬ್ಬಿತು. "ಭಲೆ ನಮ್ಮವ್ವ! ನಮ್ಮ ಮನಿ ರಕ್ತ! ಹೆಂಗ ಬಿಡಿಸಿದಿ?"

"ನಾಳಿನ ಬಸ್ಸಿಗೇ ನಿಮ್ಮನ್ನ ಕಳಿಸ್ತೀನಿ ಅಂದೆ. ಅರ್ಧ ಬಾಡಿಗಿ ಬಿಡ್ತೀನಿ ಅಂದ. ಹಂಗಾದ್ರ ನಮ್ಮ ಕಾಕಾ ಇನ್ನೊಂದು ವಾರ ಇಲ್ಲೇ ಇರ್ತಾರ ಅಂದೆ. ಪೂರ್ತಿ ಬಿಟ್ಟ."

ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ಮಾಲು ನಾನೇ ಆದದ್ದು ಅದೇ ಮೊದಲು! ಬೇಜಾರೇನಿಲ್ಲ, ಒಳ್ಳೆ ರೇಟಿಗೇ ಹೋದೆ. ಬೆಲೆ ಹೇಳುವ ಮೊದಲು ಯಾರೂ ನನ್ನ ಹಲ್ಲು ಮಾತ್ರ ನೋಡಲಿಲ್ಲ, ಅಷ್ಟೇ.