ಲಕ್ಕಪ್ಪನ ಬಂದರು

ಮನೆಗೆ ನಳ ಬಂದಮೇಲೆ ಹಳ್ಳದ ಕಟ್ಟೆ ಯಾತಕ್ಕೆ ಎಂಬುದು ಲಕ್ಕಪ್ಪನ ವಾದ. ನಳ ಬಂದರೆ ಬರಲಿ, ಹಳ್ಳದ ಕಟ್ಟೆ ಬೇಕೇ ಬೇಕು ಎಂಬುದು ಅವನ ಹೆಂಡತಿ ಬಸವಣ್ಣೆವ್ವನ ಹಟ. ಆ ಹಟಕ್ಕೂ ಒಂದು ಕಾರಣವಿತ್ತು. ಆದರೆ ಅದು ಗಂಡನ ಮುಂದೆ ಹೇಳುವಂಥದ್ದಾಗಿರಲಿಲ್ಲ.

ನವಲಗುಂದದ ಕಡೆಯ ಎರೆ ಸೀಮೆಯಲ್ಲಿ ಅವರ ಊರು. ಹಿತ್ತಲಿಗೆ ಹತ್ತಿಯೇ ಸವಳು ನೀರಿನ ಹಳ್ಳ. ಬಾಯಿಗೆ ಹಾಕಿದರೆ ಉಪ್ಪು, ಸಾಬೂನು ತಿಕ್ಕಿದರೆ ನೊರೆಯಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಹೆಚ್ಚಾದದ್ದೆಲ್ಲ ಹಳ್ಳಕ್ಕೆ ಬಂದು ಎದೆಮಟ್ಟ ಏರುತ್ತದೆ. ನಿಲ್ಲಿಸಿದರೆ ಕಟ್ಟೆಯ ಕಂಬಗಳಿಗೆ ಬಿಳಿ ಉಪ್ಪಿನ ಪಟ್ಟಿ ಬಳಿದು ಇಳಿಯುತ್ತದೆ. (ಸಮುದ್ರಕ್ಕೆ ಚಂದ್ರನಿದ್ದಂತೆ ಈ ಹಳ್ಳಕ್ಕೆ ಕಾಲುವೆಯ ಸಾಹೇಬರು.) ದಂಡೆಯ ಕೆಸರಿಗೆ ಇಳಿದರೆ ಮೊಣಕಾಲು ಹೂತು ಚಪ್ಪಲಿ ಹಳ್ಳದ ಪಾಲು. ಅದಕ್ಕೇ ಲಕ್ಕಪ್ಪನ ಅಪ್ಪ ಜಾಲಿಯ ಕಂಬ ನೆಟ್ಟು, ಹಲಗೆ ಹಾಸಿ, ನೀರಿನ ನಡುವಿನವರೆಗೆ ಕಟ್ಟೆ ಚಾಚಿದ್ದ.

ಆಚೆ ದಂಡೆಯಲ್ಲಿ ಲಕ್ಕಪ್ಪನ ತಮ್ಮ ಸಿದ್ಧಾರೂಢನ ಮನೆ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾಳಿಗೆ ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಮೇಲೆ ಸವಳು ಮಣ್ಣು ಹಾಕುವುದು ಆ ಕಡೆಯ ಪದ್ಧತಿ. ಒಂದು ಬೇಸಿಗೆಯಲ್ಲಿ ಸಿದ್ಧಾರೂಢ, ಅಣ್ಣನ ದಂಡೆಯ ಮಣ್ಣು ಚಲೋ ಎಂದು, ಕೇಳದೆ ಕಡಿದೊಯ್ದ. ಕಂಬದ ಬುಡ ಸಡಿಲಾಗಿ ಕಟ್ಟೆ ವಾಲಿತು. ಅಣ್ಣ ಕಳ್ಳ ಎಂದ, ತಮ್ಮ ಜಿಪುಣ ಎಂದ. ಅಂದಿನಿಂದ ತಮ್ಮನ ಮಾಳಿಗೆ ಸೋರಲಿಲ್ಲ, ಇಬ್ಬರ ಬಾಯಿಯೂ ತೆರೆಯಲಿಲ್ಲ.

ಹೆಂಡಿರ ಬಾಯಿಗೆ ಈ ಕಟ್ಟುಪಾಡು ಇರಲಿಲ್ಲ. ಬಸವಣ್ಣೆವ್ವ ಕಟ್ಟೆಯ ತುದಿಯಲ್ಲಿ ಕೌದಿ ಒಗೆಯುವಾಗ ನೆಗೆಣ್ಣಿ, ಸಿದ್ಧಾರೂಢನ ಹೆಂಡತಿ ರಾಜೇಶ್ವರಿ, ಆಚೆಯ ಕಲ್ಲಿನ ಮೇಲೆ ಬೋಗುಣಿ ತಿಕ್ಕುವಳು. ಕೂಗುವ ಕೆಲಸವೇ ಇಲ್ಲ, ನೀರಿನ ಮೇಲೆ ಪಿಸುಮಾತೂ ದಾಟುತ್ತಿತ್ತು. ಹೀಗೇ ಒಂದು ದಿನ ರಾಜೇಶ್ವರಿ ಅತ್ತಿತ್ತ ನೋಡಿ ಅಂದಳು:

“ಯಕ್ಕಾ, ಒಂದ ಸುದ್ದಿ ಐತಿ. ಯಾರ ಮುಂದೂ ಆಡಬ್ಯಾಡ. ನಮ್ಮನಿಯವ್ರು ಏನಂತಾರಂದ್ರ...”

ಅಷ್ಟರಲ್ಲಿ ಹಲಗೆ ಲಟಕ್ಕೆಂದಿತು. ಬಸವಣ್ಣೆವ್ವ ಕೌದಿ ಸಮೇತ ನೀರಿಗೆ. ಕೌದಿ ಸಿಕ್ಕಿತು, ಬಸವಣ್ಣೆವ್ವ ಸಿಕ್ಕಳು, ಸುದ್ದಿ ಮಾತ್ರ ಸಿಗಲಿಲ್ಲ.

ದಂಡೆಯಿಂದ ಕೂಗಿ ಕೇಳಿದರೆ ಓಣಿಗೆಲ್ಲ ಡಂಗುರ. ಮೊಬೈಲು ಗಂಡನ ಅಂಗಿಯ ಜೇಬಿನಲ್ಲಿ. ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಸಿದ್ಧಾರೂಢ ಏನೆಂದಿರಬಹುದು? ಹೊಲ ಮಾರುತ್ತೇನೆ ಎಂದನೇ? ಊರು ಬಿಡುತ್ತೇನೆ ಎಂದನೇ? ಮೈಯಲ್ಲಿ ಏನಾದರೂ ಬೇನೆಯೇ? ತಾಯಿ ಸತ್ತಮೇಲೆ ಆ ಮೈದುನನಿಗೆ ಬಿಸಿ ರೊಟ್ಟಿ ಮಾಡಿ ಹಾಕಿದವಳು ಇವಳೇ. ಯೋಚಿಸುತ್ತ ಯೋಚಿಸುತ್ತ ಹಂಚಿನ ಮೇಲಿನ ರೊಟ್ಟಿ ಸೀಯಿತು.

“ಏನ್ರಿ, ಕಟ್ಟಿ ರಿಪೇರಿ ಮಾಡ್ರಿ.”

“ನಳ ಐತೆಲ್ಲಾ?”

“ಕುಡಿಯೂ ನೀರಾಗ ಹಾಸೂ ಕೌದಿ ಒಗೀಲೇನ್ರಿ? ದೇವರು ಮೆಚ್ಚತಾನೇನು?”

ದೇವರ ಹೆಸರು ಬಂದಮೇಲೆ ಲಕ್ಕಪ್ಪ ಸುತ್ತಿಗೆ ಹಿಡಿದ.

“ಕಬ್ಬಿಣದ ಮೊಳಿ ಸವಳಿಗೆ ತಡ್ಯಾಂಗಿಲ್ರಿ. ಮಾವನವ್ರು ಕಟ್ಟಿಗಿ ಗೂಟಾ ಬಡದು, ಹೊಂಗಿ ಎಣ್ಣಿ ಹಚ್ಚತಿದ್ರು.”

“ಅವರ ಕಾಲದಾಗ ಇಂಥಾ ಮೊಳಿ ಎಲ್ಲಿದ್ದೂವಲೇ?”

ಮೊಳೆ ಬಡಿದು ಮುಗಿಸುವಷ್ಟರಲ್ಲಿ ಮಳೆ ಹಿಡಿದು, ಕಟ್ಟೆಗೆ ಇಳಿಯುವಂತಿರಲಿಲ್ಲ; ಮಳೆಗಾಲ ಮುಗಿಯುವುದರೊಳಗೆ ಮೊಳೆಗಳೆಲ್ಲ ತುಕ್ಕು ಹಿಡಿದು ಕುಂಕುಮವಾದವು. ಹಸಿಯಾದ ಎರೆಮಣ್ಣು ಉಬ್ಬಿ, ಸಡಿಲ ಕಂಬಗಳನ್ನು ಹಲ್ಲು ಕಿತ್ತಂತೆ ಮೇಲಕ್ಕೆತ್ತಿತು. ದಂಡೆಯ ಕಡೆಯ ನಾಲ್ಕು ಹಲಗೆ ಬಿಟ್ಟರೆ ಉಳಿದದ್ದೆಲ್ಲ ನೀರಪಾಲು. ಇನ್ನು ಸುದ್ದಿ ಸಿಕ್ಕಂತೆಯೇ ಎಂದು ಬಸವಣ್ಣೆವ್ವ ಹಣೆ ಒತ್ತಿಕೊಳ್ಳುತ್ತಿರುವಾಗ ಲಕ್ಕಪ್ಪನಿಗೆ ಜ್ಞಾನೋದಯವಾಯಿತು. ಹಿಂದೊಮ್ಮೆ ಕಡಲೆ ಹೇರಿದ ಲಾರಿಯ ಜೊತೆ ಕಾರವಾರಕ್ಕೆ ಹೋಗಿದ್ದಾಗ ಅಲ್ಲಿ ಮನೆಗಳ ಹಿಂದೆ, ಡ್ರಮ್ಮುಗಳ ಮೇಲೆ ತೇಲುವ ಕಟ್ಟೆ ಕಂಡಿದ್ದ. ನೀರು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ!

ಎಣ್ಣೆ ಅಂಗಡಿಯ ಇಮಾಮಹುಸೇನ ಖಾಲಿ ಡ್ರಮ್ಮು ಕೊಟ್ಟ, ಜೊತೆಗೆ ಹೆಸರನ್ನೂ ಇಟ್ಟ: “ಲಕ್ಕಪ್ಪಣ್ಣಾ, ನಿನ್ನ ಬಂದರದಿಂದ ಮುಂಬೈ ಹಡಗ ಯಾವಾಗ ಬಿಡ್ತದ?” ಸಂಜೆಯೊಳಗೆ ಊರೆಲ್ಲ ‘ಲಕ್ಕಪ್ಪನ ಬಂದರು’ ಎನ್ನತೊಡಗಿತು. ಲಕ್ಕಪ್ಪ ಅದನ್ನು ಬಿರುದೆಂದೇ ತಿಳಿದ.

ಹಲಗೆಗಳಿಗೆ ಈ ಸಲ ಹೊಂಗೆ ಎಣ್ಣೆ ಕುಡಿಸಿ, ಡ್ರಮ್ಮುಗಳಿಗೆ ಹಗ್ಗದಿಂದ ಬಿಗಿದ. ಉಳಿದ ಹಳೇ ಕಟ್ಟೆಯ ಕಂಬಗಳಿಗೆ ಅದನ್ನು ಕಟ್ಟುವಾಗ ಬಸವಣ್ಣೆವ್ವ ಮೆಲ್ಲಗೆ ಅಂದಳು:

“ಹಗ್ಗ ಸಡ್ಲ ಬಿಡ್ರಿ. ನಾಳೆ ಕಾಲುವಿ ನೀರ ಬರ್ತಾವಂತ.”

“ಸಡ್ಲ ಬಿಟ್ರ ಮಂದಿ ಹೊಲಾ ಮೇದು ಬರ್ತದ.” ಹುಟ್ಟಿದಾಗಿನಿಂದ ಎಮ್ಮೆ ಕಟ್ಟಿದ ಕೈ ಅದು. ಗಿಡ್ಡ ಹಗ್ಗ, ಬಿಗಿ ಗಂಟು.

ಮರುದಿನ ಮಧ್ಯಾಹ್ನ ಲಕ್ಕಪ್ಪ ಬಂದರಿನ ಮೇಲೆ ಚಕ್ಕಳಮಕ್ಕಳ ಹಾಕಿ, ಚಹಾ ಹಿಡಿದು ಕೂತ. ನೀರು ಏರಿತು. ಕಟ್ಟಿದ ಮಗ್ಗುಲು ಮೇಲೇಳಲು ಹಗ್ಗ ಬಿಡಲಿಲ್ಲ, ಆಚೆ ಮಗ್ಗುಲು ಮುಗಿಲಿಗೆ ಎದ್ದಿತು. ಚಹಾ ಮೊದಲು ಜಾರಿತು.

“ಲೇ ಇಕೀ! ಕುಡಗೋಲ ತಾ! ಹಗ್ಗ ಕೊಯ್ಯಿ!”

“ಕೊಯ್ದ್ರ ಹರ್ಕೊಂಡ ಹೋಗ್ತದ್ರಿ.”

“ಕೊಯ್ಯಿ ಅಂದ್ರ ಕೊಯ್ಯಬೇಕಲೇ!”

ಗಂಡನ ಮಾತು ಮೀರದ ಬಸವಣ್ಣೆವ್ವ ಹಳೇ ಹಲಗೆಯ ಮೇಲೆ ನಿಂತು, ಎರಡೂ ಹಗ್ಗಗಳನ್ನು ಅಚ್ಚುಕಟ್ಟಾಗಿ ಕೊಯ್ದಳು. ಬಂದರು ಒಂದು ಸುತ್ತು ತಿರುಗಿ, ಪತಿದೇವರನ್ನು ಹೊತ್ತು ಹೊರಟೇಬಿಟ್ಟಿತು. ಹೋಗಿ ನಿಂತದ್ದು ಆಚೆ ದಂಡೆಯಲ್ಲಿ, ಎಮ್ಮೆಯ ಮೈ ತೊಳೆಯುತ್ತಿದ್ದ ಸಿದ್ಧಾರೂಢನ ಕಾಲ ಬುಡದಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಮ್ಮೆಯೂ ನೋಡಿತು. ತಮ್ಮ ಬಾಗಿ, ಕೊಯ್ದ ಹಗ್ಗದ ತುದಿ ಹಿಡಿದು ನೋಡಿದ.

“ಯಣ್ಣಾ, ಇದು ಎಮ್ಮಿ ಕಟ್ಟೂ ಗಂಟಲ್ಲೇನೋ?”

“ನೀ ಮಣ್ಣ ಕಡೀಲಾರದ ಇದ್ದಿದ್ರ ಇದರ ದರಕಾರ ಏನಿತ್ತೋ ನನಗ?”

ಈಚೆ ನಿಂತ ಬಸವಣ್ಣೆವ್ವನಿಗೆ ನೀರಿನ ಸದ್ದಿನಲ್ಲಿ ಮಾತು ಕೇಳಲಿಲ್ಲ. ನಾಲ್ಕು ಕೈ ಗಾಳಿಯಲ್ಲಿ ಬೀಸುವುದಷ್ಟೇ ಕಂಡಿತು. ಹೊಡೆದಾಟವೋ ಎಂದು ಹಲಗೆಯ ತುದಿಗೆ ಓಡಿದಳು. ಕೊನೆಗೆ ಸಿದ್ಧಾರೂಢ ಹಗ್ಗವನ್ನು ಬಳೆಯಂತೆ ಸುತ್ತಿ, ಒಂದು ಕೋಲಿಗೆ ತೊಡಿಸಿ, ಮೇಲೆ ಕೆಳಗೆ ಆಡಿಸಿ ತೋರಿಸಿದ. ಲಕ್ಕಪ್ಪ ಒಪ್ಪಿ ತಲೆದೂಗಿದ. ರಾಜೇಶ್ವರಿ ಚಹಾ ತಂದಳು. ಬಸವಣ್ಣೆವ್ವ ಕುಡಗೋಲು ಹಿಡಿದೇ ಅಲ್ಲಿ ಕೂತು ಕಣ್ಣೊರೆಸಿಕೊಂಡಳು.

ಬಂದರು ಮರಳಿ ಬಂತು. ಹೊಸ ಕಂಬ, ಅವಕ್ಕೆ ಹಗ್ಗದ ಸಡಿಲ ಬಳೆ. ನೀರಿನ ಜೊತೆ ಏರಿತು, ಇಳಿಯಿತು. ಬಸವಣ್ಣೆವ್ವ ಕೌದಿ ಹೊತ್ತು ಸಂಭ್ರಮದಿಂದ ಬಂದರೆ, ಅಣ್ಣ ತಮ್ಮ ಕಾಲು ಇಳಿಬಿಟ್ಟು ಅದರ ಮೇಲೆ ಕೂತಿದ್ದಾರೆ.

“ವೈನಿ, ನೀರ ಕಲಕಬ್ಯಾಡ್ರಿ, ಬಳಿ ಹೆಂಗ ಏರ್ತದ ನೋಡಾಕತ್ತೀವಿ,” ಅಂದ ಮೈದುನ.

ಮರುದಿನವೂ ನೋಡುತ್ತಿದ್ದರು. ಅದರ ಮರುದಿನವೂ. ಈಚೆ ಕೌದಿ, ಆಚೆ ಬೋಗುಣಿ. ನಡುವೆ ವರ್ಷಗಟ್ಟಲೆ ಕೂಡಿಟ್ಟ ಮಾತನ್ನು ಬಿಚ್ಚುತ್ತ ಕೂತ ಇಬ್ಬರು ಗಂಡಸರು. ಸಹನೆ ಕೆಟ್ಟು ಬಸವಣ್ಣೆವ್ವ ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಸಣ್ಣ ಕಿಡಿ ಹಾಕಿದಳು:

“ಸಿದ್ಧಾರೂಢನ ಕಣ್ಣ ಮತ್ತ ನಮ್ಮ ದಂಡಿ ಮಣ್ಣಿನ ಮ್ಯಾಲ ಐತೇನೋ ಅನಸ್ತದ್ರಿ.”

“ಐತಿ. ನಾನ ಕಡದ ಕೊಡ್ತೀನಂದೀನಿ, ಕಂಬದ ಬುಡ ಬಿಟ್ಟು. ನಾಳೆ ನೀ ಬುಟ್ಟಿ ಹೊರಾಕ ಬಾ.”

ಹೀಗೆ ಮರುದಿನ ಬಸವಣ್ಣೆವ್ವ ಸವಳು ಮಣ್ಣಿನ ಬುಟ್ಟಿ ಹೊತ್ತು, ಬಳೆ ಕಳಚಿ ತೆಪ್ಪ ಮಾಡಿದ ಬಂದರಿನ ಮೇಲೆ ಹಳ್ಳ ದಾಟಿದಳು. ಆಚೆ ಬುಟ್ಟಿ ಇಳಿಸಿಕೊಳ್ಳಲು ರಾಜೇಶ್ವರಿ ನಿಂತಿದ್ದಳು. ಬಸವಣ್ಣೆವ್ವ ಬುಟ್ಟಿಯ ಅಂಚು ಬಿಡಲಿಲ್ಲ.

“ಮೊದಲ ಹೇಳ. ಅವತ್ತ ಏನ ಹೇಳಾಕತ್ತಿದ್ದಿ? ನಿಮ್ಮನಿಯವ್ರು ಏನಂತಾರಂದ್ರ?”

“ಅದಾ, ಯಕ್ಕಾ?” ರಾಜೇಶ್ವರಿ ಸೆರಗಿನಲ್ಲಿ ನಕ್ಕಳು. “ತಪ್ಪ ನಂದು, ನಾನ ಹೋಗಿ ಅಣ್ಣನ ಕಟ್ಟಿ ರಿಪೇರಿ ಮಾಡಿಕೊಡ್ತೀನಿ, ವೈನಿಗೆ ಒಂದ ಮಾತ ಕೇಳು ಅಂದಿದ್ರು.”

ಬಸವಣ್ಣೆವ್ವ ಬುಟ್ಟಿಯ ಅಂಚು ಬಿಟ್ಟಳು. ಹಿಂದಿನಿಂದ ಲಕ್ಕಪ್ಪನ ಕೂಗು ಬಂತು:

“ಏನ ಮಾತ ಹಚ್ಚೀರಿ ಅಲ್ಲಿ? ಇನ್ನೂ ಭಾಳ ಬುಟ್ಟಿ ಅದಾವ, ಲಗೂ ಬಾ!”